ಕುಡಿತ ಬಿಟ್ಟ ಮೂರನೆಯ ದಿನ

ಮಾರ್ಗಶಿರ ಬಂತೆಂದರೆ ಕೊಪ್ಪಳ ಜಿಲ್ಲೆಯಲ್ಲಿ ಹನುಮಮಾಲೆ ಧರಿಸಿದವರು ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯ ಹಾದಿ ಹಿಡಿಯುತ್ತಾರೆ. ವ್ರತ ಮುಗಿಯುವವರೆಗೆ ಮದ್ಯ ಮುಟ್ಟುವಂತಿಲ್ಲ. ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಅಷ್ಟು ದಿನ ನೆಮ್ಮದಿ. ಆದರೆ ಬೆಳಗಾದರೆ ಕುಡಿಯಲೇಬೇಕು ಎನ್ನುವ ಹಂತ ತಲುಪಿದವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು ಬರಬಹುದು. ಇದು ಮನೆಯವರಿಗೆ ಗೊತ್ತಿರಲೇಬೇಕು.

180 ಮಿ.ಲೀ.ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಆಲ್ಕೋಹಾಲ್ ಪ್ರಮಾಣ ಶೇ 42.8. ತೂಕದಲ್ಲಿ ಸುಮಾರು 60 ಗ್ರಾಂ. ನಮ್ಮ ಯಕೃತ್ತು ಗಂಟೆಗೆ ಅರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ. ದಿನಕ್ಕೆ ಎರಡು ಮೂರು ಕ್ವಾರ್ಟರ್ ಕುಡಿಯುವವರ ರಕ್ತದಿಂದ ಮದ್ಯ ಪೂರ್ತಿ ಇಳಿಯುವುದೇ ಅಪರೂಪ.

ಮಿದುಳಿನಲ್ಲಿ ಉದ್ವೇಗ ತಗ್ಗಿಸುವ ರಾಸಾಯನಿಕ ಗಾಬಾ, ಕೆರಳಿಸುವುದು ಗ್ಲುಟಮೇಟ್. ಮದ್ಯ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಸರಿದೂಗಿಸಲು ಕೆರಳಿಸುವ ವ್ಯವಸ್ಥೆಯನ್ನೇ ಚುರುಕುಗೊಳಿಸಿಕೊಳ್ಳುತ್ತದೆ. ಬ್ರೇಕ್ ಒತ್ತಿದ್ದಾಗಲೂ ಗಾಡಿ ಓಡಲೆಂದು ಎಕ್ಸಿಲರೇಟರ್ ತುಳಿದ ಹಾಗೆ. ಮದ್ಯ ನಿಂತ ಕೂಡಲೇ ಬ್ರೇಕ್ ಬಿಟ್ಟುಹೋಗುತ್ತದೆ.

ಮೊದಲ ಸೂಚನೆ ಕೈಯಲ್ಲೇ ಕಾಣುತ್ತದೆ. ಕೊಪ್ಪಳ ಪಕ್ಕದ ಭಾಗ್ಯನಗರದ ಮಗ್ಗದಲ್ಲಿ ಹರಿದ ಎಳೆ ಹುಡುಕಿ ಗಂಟು ಹಾಕುವ ಬೆರಳು ನಡುಗತೊಡಗಿದರೆ, ನೈಂಟಿ ಹಾಕಿದ ಮೇಲಷ್ಟೇ ನಡುಕ ನಿಂತರೆ, ದೇಹ ಮದ್ಯಕ್ಕೆ ಅಡಿಯಾಳಾಗಿದೆ ಎಂದೇ ಅರ್ಥ. ಇಂಥವರು ಬಿಟ್ಟ ದಿನವೇ ನಡುಕ, ಬೆವರು, ವಾಕರಿಕೆ ಶುರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಕೆಲವರಿಗೆ ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಹೆಂಡತಿ ಮಕ್ಕಳ ಗುರುತು ಸಿಗುವುದಿಲ್ಲ, ಜ್ವರ ಏರಿ ಎದೆ ಹೊಡೆದುಕೊಳ್ಳುತ್ತದೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತ ಕೂತರೆ ಪ್ರಾಣ ಹೋಗಬಹುದು. ಇದು ಮದ್ಯ ನಿಂತದ್ದರಿಂದಲೇ ಬರುವ ಕಾಯಿಲೆ ಎಂಬುದನ್ನು ಅಮೆರಿಕದ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು 1955ರಲ್ಲೇ ತೋರಿಸಿಕೊಟ್ಟಿದ್ದಾರೆ.

ನಿತ್ಯ ಕುಡಿಯುವವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವವೂ ಬರಿದಾಗಿರುತ್ತದೆ. ಉಪವಾಸ ಸೇರಿದರೆ ಇನ್ನಷ್ಟು ಕೊರತೆ. ಸುಸ್ತಾಗಿದೆ ಎಂದು ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಉಳಿದ ಥಯಾಮಿನ್ ಕೂಡ ಖರ್ಚಾಗಿ ಮಿದುಳಿಗೆ ಶಾಶ್ವತ ಹಾನಿಯಾಗಬಹುದು, ನೆನಪಿನ ಶಕ್ತಿಯೇ ಹೋಗಬಹುದು. ಅದಕ್ಕೇ ವೈದ್ಯರು ಮೊದಲು ಥಯಾಮಿನ್ ಕೊಡುತ್ತಾರೆ. ಮಿದುಳಿನ ಕೆರಳಿಕೆ ತಗ್ಗಿಸಲು ಡಯಾಜೆಪಾಮ್‌ನಂಥ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಪ್ರಮಾಣ ಇಳಿಸುತ್ತಾರೆ. ಬಹುತೇಕರು ಒಂದು ವಾರದೊಳಗೆ ಈ ಘಟ್ಟ ದಾಟುತ್ತಾರೆ.

ಹಾಗೆಂದು ಒಮ್ಮೆಲೇ ಬಿಟ್ಟರೆ ಅಪಾಯ ಎಂಬುದು ಕುಡಿತ ಮುಂದುವರಿಸಲು ನೆಪವಲ್ಲ. ಮದ್ಯ ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು, ಸ್ತನ ಸೇರಿ ಏಳು ಬಗೆಯ ಕ್ಯಾನ್ಸರ್‌ಗೆ ಕಾರಣ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಮಾಲೆ ಹಾಕುವ ಸಂಕಲ್ಪ ದೊಡ್ಡದು, ಅದನ್ನು ಕೈಬಿಡಬೇಡಿ. ದಿನವೂ ಕುಡಿಯುವವರಾದರೆ ವ್ರತಕ್ಕೆ ಮೊದಲೇ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ, ಇಲ್ಲವೇ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿರಿ, ಕರೆ ಉಚಿತ. ಫಿಟ್ಸ್ ಬಂದರೆ, ಮಾತು ಅಸಂಬದ್ಧವಾದರೆ ತಡಮಾಡದೆ 108 ಕರೆಯಿರಿ.