ಒಡೆದ ಮಡಕೆಯ ಸದ್ದು

ನಾಲ್ಕು ಜನ ಕೂಡಿ ಒಬ್ಬರನ್ನು ಆಡಿಕೊಳ್ಳಲು ಅರಳಿಕಟ್ಟೆಯೇ ಬೇಕೆಂಬ ಕಾಲ ಮಧುಗಿರಿ ಸೀಮೆಯ ನಮ್ಮ ಪುರವರದಲ್ಲಿಯೂ ಕಳೆದುಹೋಯಿತು. ಈಗ ಆ ಕಟ್ಟೆ ಪ್ರತಿಯೊಬ್ಬರ ಅಂಗೈಯಲ್ಲಿಯೇ ಉಂಟು. ಹಿಂದಿನ ವರ್ಷ, ತರಕಾರಿ ಮಾರುವ ಹೆಂಗಸೊಬ್ಬಳು ಗಿರಾಕಿಯನ್ನು ಬಾಯಿಗೆ ಬಂದಂತೆ ಬೈಯುವ ಅರ್ಧ ನಿಮಿಷದ ವಿಡಿಯೊ ನನ್ನ ಮೊಬೈಲಿಗೂ ಬಂದಿತು. "ಎಂಥ ಬಾಯಿ!" ಎಂದು ಒಂದು ಸಾಲು ಸೇರಿಸಿ ನಾನೂ ಅದನ್ನು ನಾಲ್ವರಿಗೆ ಕಳುಹಿಸಿದೆ. ಆ ಗಿರಾಕಿ ಹಣ ಕೊಡದೆ ಹೊರಟಿದ್ದನೆಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಆಕೆ ಅಂಗಡಿ ಹಾಕುವುದನ್ನೇ ನಿಲ್ಲಿಸಿದ್ದಳು.

ಅದೇ ವಾರ ತರಗತಿಯಲ್ಲಿ ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ವನ್ನು ಪಾಠ ಹೇಳಬೇಕಾಗಿ ಬಂದುದು ನನ್ನ ಪಾಲಿಗೆ ಒಂದು ಶಿಕ್ಷೆಯೇ ಆಯಿತು. 1963ರ 'ಪ್ರಶ್ನೆ' ಸಂಕಲನದ ಈ ಕಥೆಯನ್ನು 1977ರಲ್ಲಿ ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದುದನ್ನು ವಾಚಕರು ಬಲ್ಲರು. ಎಳೆಯ ವಿಧವೆ ಯಮುನಾ ಗರ್ಭಿಣಿಯಾಗುತ್ತಾಳೆ. ಅಗ್ರಹಾರ ಅವಳನ್ನು ಹೊರಗಿಡುತ್ತದೆ. ಬದುಕಿರುವ ಮಗಳನ್ನು ಸತ್ತವಳೆಂದೆಣಿಸಿ, ಹೆತ್ತ ತಂದೆಯೇ ಮಡಕೆ ಒಡೆದು ಶ್ರಾದ್ಧ ಮಾಡುತ್ತಾನೆ. ಅವಳೊಡನೆ ಸಂಬಂಧ ಬೆಳೆಸಿದ ಗಂಡಸಿಗಾದರೋ ಯಾವ ಶ್ರಾದ್ಧವೂ ಇಲ್ಲ! ಕಥೆ ಹೇಳುವವನು ಅವಳ ಮಮತೆಯುಂಡ ಪುಟ್ಟ ಹುಡುಗ. ಆದುದರಿಂದಲೇ ಊರು ಪತಿತೆಯೆಂದು ಕರೆದವಳು ನಮಗೆ ಅಕ್ಕನಾಗಿ ಉಳಿಯುತ್ತಾಳೆ.

"ಮಡಕೆ ಒಡೆದವರು ಒಬ್ಬರೇ ಸಾರ್, ನಿಂತು ನೋಡಿದವರ ಪಾಲು ಎಷ್ಟು?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಜಾಲತಾಣಗಳ ಕಾಲದ ಕಾದಂಬರಿಕಾರರೂ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಮೇಘಾ ಮಜುಂದಾರ್ ಅವರ 'ಎ ಬರ್ನಿಂಗ್' ಎಂಬ ಇಂಗ್ಲಿಷ್ ಕಾದಂಬರಿ 2020ರಲ್ಲಿ ಹೊರಬಂದಿತು. ಕೊಲ್ಕತ್ತೆಯ ಕೊಳೆಗೇರಿಯ ಜೀವನ್ ಎಂಬ ಹುಡುಗಿ, ರೈಲೊಂದು ಸುಟ್ಟುಹೋದ ದುರಂತದ ತರುವಾಯ ಸರ್ಕಾರವನ್ನು ಟೀಕಿಸಿ ಫೇಸ್‌ಬುಕ್ಕಿನಲ್ಲಿ ಒಂದು ಮಾತು ಬರೆಯುತ್ತಾಳೆ. ಅದೇ ಅವಳಿಗೆ ಉರುಳಾಗುತ್ತದೆ. ನ್ಯಾಯಾಲಯಕ್ಕಿಂತ ಮೊದಲೇ ಊರು ತೀರ್ಪು ಕೊಟ್ಟಿರುತ್ತದೆ. ಒಮ್ಮೆ ಅವಳಿಗೆ ವ್ಯಾಯಾಮ ಕಲಿಸಿದ ಮೇಷ್ಟ್ರೇ ಅವಳ ವಿರುದ್ಧ ಸಾಕ್ಷಿ ನುಡಿಯುತ್ತಾನೆ. ಆತ ರಾಕ್ಷಸನಲ್ಲ, ಮುಂದೆ ಬರಬೇಕೆಂಬ ಆಸೆಯುಳ್ಳ ಸಾಧಾರಣ ಗೃಹಸ್ಥ. ಆ ಪುಟಗಳನ್ನು ಓದುವಾಗ ನಾನೂ ಒಬ್ಬ ಮೇಷ್ಟ್ರೆಂಬುದು ಮರೆಯಲಿಲ್ಲ.

ನಿಂದೆಗೆ ಗುರಿಯಾದವರೆಲ್ಲರೂ ನಿರಪರಾಧಿಗಳೆಂದಲ್ಲ. ಆರ್. ಎಫ್. ಕುವಾಂಗ್ ಅವರ 2023ರ 'ಯೆಲ್ಲೋಫೇಸ್' ಕಾದಂಬರಿಯ ನಾಯಕಿ, ಸತ್ತ ಗೆಳತಿಯ ಹಸ್ತಪ್ರತಿಯನ್ನು ಕದ್ದು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದವಳು. ಜಾಲತಾಣದ ಜನ ಅವಳ ಮೇಲೆ ಮುಗಿಬೀಳುತ್ತಾರೆ. ಕಳ್ಳತನ ದಿಟವೇ. ಆದರೂ, ದಂಡ ವಿಧಿಸುವ ಕೈಗಳು ಸಾವಿರವಾದಾಗ ದಂಡನೆಗೆ ಅಳತೆಯೆಲ್ಲಿ ಎಂಬ ಶಂಕೆ ಓದುಗನನ್ನು ಬಿಡದು.

ಕಡೆಗೊಂದು ಭಾನುವಾರ ಆ ತರಕಾರಿಯವಳ ಮನೆಯನ್ನು ಹುಡುಕಿಕೊಂಡು ಹೋದೆ. ಆಕೆ ಕೋಪಿಸಿಕೊಳ್ಳಲಿಲ್ಲ. "ಎಷ್ಟು ಜನ ನೋಡಿದ್ರೋ ಸ್ವಾಮಿ, ಒಬ್ಬರಾದ್ರೂ ಏನಾಯ್ತವ್ವಾ ಅಂತ ಕೇಳಲಿಲ್ಲ" ಎಂದಳು.

'ಏನಾಯ್ತವ್ವಾ' ಎಂದು ಕೇಳುವ ವ್ಯವಧಾನ ಆ ಅರ್ಧ ನಿಮಿಷದ ವಿಡಿಯೊಗಿಲ್ಲ, ಒಳ್ಳೆಯ ಕಥೆಗೆ ಉಂಟು. ಯಮುನೆಯನ್ನೂ ಜೀವನ್‌ಳನ್ನೂ ಕುರಿತು ಲೇಖಕರು ಕೇಳಿದುದು ಇದನ್ನೇ ಅಲ್ಲವೆ? ವಿಡಿಯೊ ಹಂಚಿದವರಲ್ಲಿ ನಾನೂ ಒಬ್ಬನೆಂದು ಆಕೆಯ ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಒಪ್ಪಿಕೊಂಡಿದ್ದೇನೆ. ಆಕೆಯ ಎದುರಿಗೆ ಹೇಳುವುದು ಇನ್ನೂ ಬಾಕಿ ಇದೆ.