ಹಣನೀತಿಯ ಮಾದರಿಗಳೂ ಗ್ರಾಮೀಣ ಅನುಭೋಗವೂ: ಕೋರ ಹೋಬಳಿಯ ನಿದರ್ಶನ

ಬೆಲೆಗಳು ಏರಿದಾಗ ರಿಸರ್ವ್ ಬ್ಯಾಂಕು ಬಡ್ಡಿಯ ದರವನ್ನು ಹೆಚ್ಚಿಸುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಬಡ್ಡಿಯ ಏರಿಕೆಯಿಂದ ಬೆಲೆ ತಗ್ಗುವ ಬಗೆ ಯಾವುದು, ಆ ಕ್ರಮವು ಎಲ್ಲ ಮನೆಗಳನ್ನೂ ಸಮನಾಗಿ ಮುಟ್ಟುವುದೇ ಎಂಬ ಪ್ರಶ್ನೆಗಳು ಸುಲಭವಾದುವಲ್ಲ. ತುಮಕೂರು ತಾಲ್ಲೂಕಿನ ಕೋರ ಹೋಬಳಿಯನ್ನು ಮುಂದಿಟ್ಟುಕೊಂಡು ಇವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕೇಂದ್ರ ಬ್ಯಾಂಕುಗಳು ಬಳಸುವ ಮಾದರಿಗಳಲ್ಲಿ ಮೂರು ಸಂಬಂಧಗಳು ಮುಖ್ಯವಾದುವು. ಬಡ್ಡಿ ಹೆಚ್ಚಿದರೆ ಜನರು ಇಂದಿನ ಅನುಭೋಗವನ್ನು ಕಡಿಮೆಮಾಡಿ ಮುಂದಕ್ಕೆ ಉಳಿಸುತ್ತಾರೆ. ಬೇಡಿಕೆ ಕುಗ್ಗಿದರೆ ಬೆಲೆಯೇರಿಕೆಯ ವೇಗ ತಗ್ಗುತ್ತದೆ. ಬೆಲೆಯೇರಿಕೆ ಗುರಿಯನ್ನು ಮೀರಿದರೆ ಬ್ಯಾಂಕು ಬಡ್ಡಿಯನ್ನು ಏರಿಸುತ್ತದೆ. ಇವುಗಳಲ್ಲಿ ಮೊದಲನೆಯದರ ಇತಿಹಾಸ ವಿವಾದಾಸ್ಪದವಾದುದು. ಅನುಭೋಗವು ಈಗಿನ ವರಮಾನವನ್ನು ಅನುಸರಿಸುತ್ತದೆಂದು ಕೇನ್ಸ್ 1936ರಲ್ಲಿ ಪ್ರತಿಪಾದಿಸಿದರು; ದೀರ್ಘಕಾಲದಲ್ಲಿ ನಿರೀಕ್ಷಿಸುವ ವರಮಾನವನ್ನು ಅನುಸರಿಸುತ್ತದೆಂದು ಫ್ರೀಡ್ಮನ್ 1957ರಲ್ಲಿ ವಾದಿಸಿದರು.

ಭಾರತದಲ್ಲಿ 2016ರಲ್ಲಿ ರಿಸರ್ವ್ ಬ್ಯಾಂಕಿನ ಶಾಸನವು ತಿದ್ದುಪಡಿಯಾಗಿ, ಆರು ಮಂದಿಯ ಹಣನೀತಿ ಸಮಿತಿ ಏರ್ಪಟ್ಟಿತು. ಬೆಲೆಯೇರಿಕೆಯ ಗುರಿ ಶೇಕಡಾ 4. ಮೇಲಕ್ಕೂ ಕೆಳಕ್ಕೂ 2 ಅಂಶಗಳ ಅವಕಾಶ. 2022ರ ಏಪ್ರಿಲಿನಲ್ಲಿ ಬೆಲೆಯೇರಿಕೆ ಶೇಕಡಾ 7.79ಕ್ಕೆ ಮುಟ್ಟಿತು. ಅದೇ ಮೇ ತಿಂಗಳಿಂದ 2023ರ ಫೆಬ್ರವರಿಯ ವೇಳೆಗೆ ಸಮಿತಿಯು ರೆಪೊ ದರವನ್ನು ಶೇಕಡಾ 4ರಿಂದ 6.50ಕ್ಕೆ ಏರಿಸಿತು.

ಈಗ ಕೋರ ಹೋಬಳಿಯ ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಒಂದು, ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನೌಕರನದು. ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ಬ್ಯಾಂಕುಗಳು ರೆಪೊ ಮುಂತಾದ ಹೊರಗಿನ ಮಾನದಂಡಕ್ಕೆ ಹೊಂದಿಸಬೇಕೆಂಬ ನಿಯಮ 2019ರ ಅಕ್ಟೋಬರಿನಿಂದ ಬಂದಿದೆ. ಇಪ್ಪತ್ತು ವರ್ಷದ ಹತ್ತು ಲಕ್ಷ ರೂಪಾಯಿ ಸಾಲದ ಬಡ್ಡಿ ಶೇಕಡಾ 7ರಿಂದ 9.5ಕ್ಕೆ ಏರಿದರೆ, ಅವಧಿ ಬದಲಾಗದ ಪಕ್ಷದಲ್ಲಿ, ತಿಂಗಳ ಕಂತು ಸುಮಾರು 1,570 ರೂಪಾಯಿ ಹೆಚ್ಚುತ್ತದೆ. ಈ ಮನೆಯ ಖರ್ಚು ಕುಗ್ಗಲೇಬೇಕು.

ಇನ್ನೊಂದು, ಮಳೆಯನ್ನು ನಂಬಿ ರಾಗಿ ಬೆಳೆಯುವ ಮನೆ. ಅದರ ಸಾಲ ಸಹಕಾರ ಸಂಘದ ಬೆಳೆಸಾಲ. ಇಂಥ ಅಲ್ಪಾವಧಿ ಸಾಲಕ್ಕೆ ಶೂನ್ಯ ಬಡ್ಡಿಯ ಮಿತಿಯನ್ನು ರಾಜ್ಯ ಸರ್ಕಾರವು 2023-24ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ರೆಪೊ ದರ ಈ ಸಾಲವನ್ನು ನೇರವಾಗಿ ಮುಟ್ಟುವುದಿಲ್ಲ. ಮಳೆ ತಪ್ಪಿದರೆ ಮಾತ್ರ ಬೆಳೆಯೂ ಹೋಗುತ್ತದೆ, ಧಾನ್ಯವನ್ನು ಏರಿದ ಬೆಲೆಗೆ ಕೊಳ್ಳಬೇಕಾಗಿಯೂ ಬರುತ್ತದೆ. ಉಳಿಸಲು ಏನೂ ಇಲ್ಲದ ಈ ಮನೆ ಕೇನ್ಸರ ಮಾತಿಗೆ ಹತ್ತಿರವಾದುದು. ಅಮೆರಿಕದಲ್ಲಿಯೂ ಸುಮಾರು ಅರ್ಧ ವರಮಾನವು ಹೀಗೆ ಬಂದದ್ದನ್ನು ಬಂದಂತೆ ವೆಚ್ಚಮಾಡುವವರ ಪಾಲಿನದೆಂದು ಕ್ಯಾಂಪ್‌ಬೆಲ್ ಮತ್ತು ಮ್ಯಾನ್ಕಿವ್ 1989ರಲ್ಲಿ ಅಂದಾಜು ಮಾಡಿದರು. ಅನಂತರದ ಮಾದರಿಗಳು ಎರಡು ಬಗೆಯ ಮನೆಗಳಿಗೂ ಸ್ಥಾನ ಕೊಟ್ಟಿವೆ.

2012ನ್ನು ಆಧಾರವರ್ಷವಾಗಿ ಉಳ್ಳ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ತೂಕ ಶೇಕಡಾ 45.86 ಆಗಿತ್ತು. 2023ರ ಜುಲೈಯಲ್ಲಿ ಟೊಮ್ಯಾಟೊ ಮೊದಲಾದ ತರಕಾರಿಗಳ ದೆಸೆಯಿಂದ ಬೆಲೆಯೇರಿಕೆ ಶೇಕಡಾ 7.44 ಆಯಿತು. ಸಮಿತಿಯು ರೆಪೊ ದರವನ್ನು ಬದಲಿಸಲಿಲ್ಲ. ಹೊಸ ಫಸಲು ಬಂದಂತೆ ಅಕ್ಟೋಬರಿನಲ್ಲಿ ಅದು 4.87ಕ್ಕೆ ಇಳಿಯಿತು. ಬಡ್ಡಿಯಿಂದ ಟೊಮ್ಯಾಟೊ ಬೆಳೆಯದಷ್ಟೆ.

ಹಾಗೆಂದು ಆಹಾರದ ಬೆಲೆಯನ್ನು ಕೇಂದ್ರ ಬ್ಯಾಂಕು ಕಡೆಗಣಿಸಬಹುದೆಂದು ನಾವು ಹೇಳುವುದಿಲ್ಲ. ಏರಿಕೆ ಬಹುಕಾಲ ನಿಂತರೆ ಜನರು ಮುಂದೆಯೂ ಅದನ್ನೇ ನಿರೀಕ್ಷಿಸುತ್ತಾರೆ. ಕೂಲಿಯೂ ಬಾಡಿಗೆಯೂ ಅದರ ಹಿಂದೆ ಏರುತ್ತವೆ. ಆಗ ಹೆಚ್ಚು ನಷ್ಟ ರಾಗಿಯ ಮನೆಗೇ. ರಿಸರ್ವ್ ಬ್ಯಾಂಕಿನ ತ್ರೈಮಾಸಿಕ ಮುನ್ನಂದಾಜಿನ ಮಾದರಿಯು ಆಹಾರ, ಇಂಧನ, ಉಳಿದ ಸರಕುಗಳ ಬೆಲೆಗಳನ್ನು ಬೇರೆ ಬೇರೆಯಾಗಿ ಗಣಿಸುವುದಕ್ಕೆ ಇದೇ ಕಾರಣ.

ಬಡ್ಡಿಯ ಹೊರೆ ಮೊದಲು ಸಾಲಗಾರ ನೌಕರನ ಮೇಲೆ ಬೀಳುತ್ತದೆ. ಬರದ ಹೊರೆ ರೈತನ ಮೇಲೆ. ಮೊದಲನೆಯದನ್ನು ಹೆಚ್ಚಿಸಿದರೆ ಎರಡನೆಯದು ತಾನಾಗಿ ಇಳಿಯದು. ಅದಕ್ಕೆ ನೀರು, ದಾಸ್ತಾನು, ಪಡಿತರಗಳ ವ್ಯವಸ್ಥೆಯೇ ಬೇಕು. ಆದುದರಿಂದ ಯಾವ ಮಾದರಿಯನ್ನು ಓದುವಾಗಲೂ ಅದರಲ್ಲಿರುವುದು ಯಾರ ಅನುಭೋಗವೆಂದು ವಿದ್ಯಾರ್ಥಿಗಳು ಮೊದಲು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.