ಇನ್ವರ್ಟರ್ ಕೂಗಿಕೊಂಡರೆ ಮೊದಲು ಅಡುಗೆಮನೆಯ ಲೆಕ್ಕ ನೋಡಿ

ಏಪ್ರಿಲ್, ಮೇ ತಿಂಗಳ ಸಂಜೆಯ ಬಿರುಗಾಳಿಗೆ ಹೈದರಾಬಾದಿನಲ್ಲಿ ಮರ ಉರುಳಿ ತಂತಿ ಹರಿಯುತ್ತದೆ. ಮಳೆಗಾಲದಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿ ಕರೆಂಟು ಹೋಗುತ್ತದೆ. 2020ರ ಅಕ್ಟೋಬರ್ ಮಹಾಮಳೆಯಂಥ ಸಂದರ್ಭದಲ್ಲಂತೂ ಮನೆಯಲ್ಲಿ ಇನ್ವರ್ಟರ್ ಇರುವುದೇ ದೊಡ್ಡ ಆಸರೆ. ಆದರೆ ಈ ನಗರದ ಅಡುಗೆ ಈಚಿನ ವರ್ಷಗಳಲ್ಲಿ ಕರೆಂಟಿನ ಕಡೆಗೆ ವಾಲಿದೆ. ಅಮೀರ್‌ಪೇಟೆ, ಮಾದಾಪುರ, ಕೂಕಟ್‌ಪಲ್ಲಿಯ ಬಾಡಿಗೆ ಕೋಣೆಗಳಲ್ಲಿ ಓದಿಗೂ ಕೆಲಸಕ್ಕೂ ಬಂದು ನೆಲೆಸಿದವರಲ್ಲಿ ಬೀದರ್, ಕಲಬುರಗಿ, ರಾಯಚೂರಿನವರೂ ಇದ್ದಾರೆ. ಗ್ಯಾಸ್ ಸಂಪರ್ಕವಿಲ್ಲದ ಇಂಥ ಕೋಣೆಗಳಲ್ಲಿ ರೈಸ್ ಕುಕ್ಕರ್, ಇಂಡಕ್ಷನ್ ಒಲೆಗಳೇ ಅಡುಗೆಮನೆ. ಕರೆಂಟು ಹೋದಾಗ ಅವನ್ನು ಇನ್ವರ್ಟರ್ ಲೈನಿಗೆ ಹಾಕಿದರೆ ಪೆಟ್ಟಿಗೆ ಕೂಗಿಕೊಳ್ಳುತ್ತದೆ, ಓವರ್‌ಲೋಡ್ ದೀಪ ಹೊತ್ತಿ ಎಲ್ಲವೂ ಆರುತ್ತದೆ. ಇನ್ವರ್ಟರ್ ಕೆಟ್ಟಿದೆ ಎಂದು ಕೆಲವರು, ಇನ್ನೂ ದೊಡ್ಡದು ಬೇಕು ಎಂದು ಕೆಲವರು ತಕ್ಷಣ ತೀರ್ಮಾನಿಸುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಎರಡೂ ತಪ್ಪು. ಅಲ್ಲಿ ಕೆಟ್ಟಿರುವುದು ಕೂಡಿ ಕಳೆಯುವ ಲೆಕ್ಕ, ಅದನ್ನು ಸರಿಪಡಿಸಲು ಸಾಮಾನ್ಯವಾಗಿ ಹಣ ಬೇಕಾಗುವುದಿಲ್ಲ.

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 900 ವಿಎ ಇನ್ವರ್ಟರನ್ನೇ ತೆಗೆದುಕೊಳ್ಳಿ. 900 ಎಂಬುದು ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ ಅದು ಹೊರುವುದು ಸುಮಾರು 720 ವ್ಯಾಟ್. ಸಾಧಾರಣ ರೈಸ್ ಕುಕ್ಕರ್ ಒಂದೇ 700 ವ್ಯಾಟ್ ಎಳೆಯುತ್ತದೆ. ಕುಕ್ಕರ್ ಮಾತ್ರ ಇದ್ದಾಗ ನಡೆದ ಇನ್ವರ್ಟರ್, ತಲಾ 75 ವ್ಯಾಟಿನ ಎರಡು ಹಳೆಯ ಫ್ಯಾನ್ ತಿರುಗಿದ ಕೂಡಲೇ ಮಿತಿ ದಾಟುತ್ತದೆ. ಇಂಡಕ್ಷನ್ ಒಲೆಗೆ 1,200ರಿಂದ 2,000 ವ್ಯಾಟ್, ಎಲೆಕ್ಟ್ರಿಕ್ ಕೆಟಲ್‌ಗೆ ಸುಮಾರು 1,500 ವ್ಯಾಟ್ ಬೇಕಾಗುವುದರಿಂದ ಅವು ಈ ಇನ್ವರ್ಟರಿನ ಅಳವಿಗೆ ಮೀರಿದವು. ಒಲೆಯನ್ನು ಕಡಿಮೆಗೆ ಇಟ್ಟುಕೊಂಡರಾಯಿತು ಎಂದು ಹಲವರು ಭಾವಿಸುತ್ತಾರೆ. ಆದರೆ ಬಹಳಷ್ಟು ಇಂಡಕ್ಷನ್ ಒಲೆಗಳು ಸಣ್ಣ ಉರಿಯಲ್ಲಿ ನಿಜಕ್ಕೂ ಕಡಿಮೆ ಕರೆಂಟು ಎಳೆಯುವುದಿಲ್ಲ. ಕೆಲವು ಸೆಕೆಂಡು ಹೆಚ್ಚಿನ ಶಕ್ತಿಯಲ್ಲಿ ಉರಿದು, ಕೆಲವು ಸೆಕೆಂಡು ಆರಿ, ಸರಾಸರಿಯನ್ನಷ್ಟೇ ತಗ್ಗಿಸುತ್ತವೆ. ಇನ್ವರ್ಟರಿಗೆ ತಾಗುವುದು ಆ ಸರಾಸರಿಯಲ್ಲ, ಪೂರ್ತಿ ಉರಿದ ಕ್ಷಣದ ಭಾರ. ಮೈಕ್ರೋವೇವ್ ಮೇಲೆ ಬರೆದ 800 ವ್ಯಾಟ್ ಕೂಡ ಆಹಾರಕ್ಕೆ ಸಿಗುವ ಶಕ್ತಿಯೇ ಹೊರತು ಪ್ಲಗ್‌ನಿಂದ ಎಳೆಯುವುದಲ್ಲ. ಎಳೆಯುವುದು 1,200ರ ಆಸುಪಾಸು. ಮಿಕ್ಸಿ, ಫ್ರಿಜ್‌ಗಳ ಮೋಟಾರು ಹೊರಡುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಬೇಡುತ್ತದೆ.

ಹಾಗಾಗಿ ಇನ್ವರ್ಟರ್ ಎಷ್ಟು ಹೊತ್ತಿಗೆ ನಿಂತಿತು ಎಂಬುದೇ ಕಾರಣ ಹುಡುಕಲು ಒಳ್ಳೆಯ ಸುಳಿವು. ಸ್ವಿಚ್ ಹಾಕಿದ ಕ್ಷಣದಲ್ಲೇ ನಿಂತರೆ ಮೋಟಾರಿನ ಆರಂಭದ ಎಳೆತ ಅಥವಾ ಶಾರ್ಟ್ ಸರ್ಕ್ಯೂಟ್ ಅನುಮಾನಿಸಬೇಕು. ಕೆಲವು ಸೆಕೆಂಡು ಕೂಗಿ ನಿಂತರೆ ಅದು ನೇರ ಓವರ್‌ಲೋಡ್. ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ನಡೆದು ನಿಂತರೆ ಬ್ಯಾಟರಿ ಇಳಿದಿರಬೇಕು, ಇಲ್ಲವೇ ಪೆಟ್ಟಿಗೆ ಕಾದಿರಬೇಕು. ಹೈದರಾಬಾದಿನ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ, ಮೆಟ್ಟಿಲ ಕೆಳಗಿನ ಗಾಳಿಯಾಡದ ಮೂಲೆಯಲ್ಲಿ ಕುಳಿತ ಇನ್ವರ್ಟರ್ ತನ್ನ ಪೂರ್ತಿ ಸಾಮರ್ಥ್ಯ ಕೊಡಲಾರದು. ಮುಂದಿನ ಪರೀಕ್ಷೆಯೂ ಸರಳ. ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಪ್ಲಗ್ಗುಗಳನ್ನು ಕಿತ್ತು, ಇನ್ವರ್ಟರನ್ನು ಮತ್ತೆ ಚಾಲೂ ಮಾಡಿ. ಏನೂ ಇಲ್ಲದೆಯೂ ಕೂಗಿದರೆ ದೋಷ ವೈರಿಂಗ್‌ನಲ್ಲೋ ಪೆಟ್ಟಿಗೆಯಲ್ಲೋ ಇದೆ, ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕು. ಫ್ರಿಜ್ ಅಥವಾ ಗೀಸರ್ ಯಾರಿಗೂ ತಿಳಿಯದಂತೆ ಇನ್ವರ್ಟರ್ ಲೈನಿಗೆ ಸೇರಿಕೊಂಡಿರುವುದು ಹೀಗೆಯೇ ಬೆಳಕಿಗೆ ಬರುತ್ತದೆ. ಕೂಗದಿದ್ದರೆ ಒಂದೊಂದೇ ಉಪಕರಣ ಸೇರಿಸುತ್ತ ಹೋಗಿ. ಯಾವುದರ ಬಳಿ ಮಿತಿ ಮುರಿಯಿತು ಎಂಬುದು ತಾನಾಗಿ ತಿಳಿಯುತ್ತದೆ.

ಬ್ಯಾಟರಿಯನ್ನು ಮರೆತು ಇನ್ವರ್ಟರನ್ನು ದೂರುವುದು ಇನ್ನೊಂದು ಸಾಮಾನ್ಯ ತಪ್ಪು. 12 ವೋಲ್ಟಿನ ಬ್ಯಾಟರಿಯಿಂದ 700 ವ್ಯಾಟ್ ಪಡೆಯಬೇಕಾದರೆ, ನಷ್ಟವೂ ಸೇರಿ ಸುಮಾರು 65ರಿಂದ 70 ಆಂಪಿಯರ್ ಹರಿಯಬೇಕು. ಟರ್ಮಿನಲ್ ಸಡಿಲವಾಗಿದ್ದರೆ, ಬಿಳಿ ಹಸಿರು ಕಿಲುಬು ಕಟ್ಟಿದ್ದರೆ, ಡಿಸ್ಟಿಲ್ಡ್ ವಾಟರ್ ತಗ್ಗಿದ್ದರೆ ಅಷ್ಟು ಕರೆಂಟು ಹರಿಯುವಾಗ ವೋಲ್ಟೇಜ್ ಕುಸಿದು, ಭಾರ ಮಿತಿಯೊಳಗಿದ್ದರೂ ಇನ್ವರ್ಟರ್ ನಿಲ್ಲುತ್ತದೆ. ಸುಮ್ಮನಿದ್ದಾಗ 12.7 ವೋಲ್ಟ್ ತೋರಿಸುವ ಬ್ಯಾಟರಿ ಕುಕ್ಕರ್ ಹಾಕಿದ ಕೂಡಲೇ 11ರ ಕೆಳಗೆ ಜಾರಿದರೆ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು. ಅದರ ಮೇಲೆ ಬರೆದ 150 ಆಂಪಿಯರ್-ಅವರ್ ಎಂಬುದು ಸಾಮಾನ್ಯವಾಗಿ 20 ಗಂಟೆಗಳ ನಿಧಾನ ಬಳಕೆಯಲ್ಲಿ ಅಳೆದದ್ದು. ಕಾಗದದ ಮೇಲೆ ಅದು 1.8 ಯೂನಿಟ್, ಹೀಗೆ ಜೋರಾಗಿ ಎಳೆದಾಗ ಹೆಚ್ಚುಕಡಿಮೆ ಅರ್ಧವೇ ಸಿಗುತ್ತದೆ ಎಂದು ಹಿಡಿಯುವುದು ಕ್ಷೇಮ. ಅರ್ಧ ಗಂಟೆಯ ಅನ್ನಕ್ಕೆ 0.35 ಯೂನಿಟ್ ಹೋದರೆ, ಆ ರಾತ್ರಿಯ ದೀಪ, ಫ್ಯಾನುಗಳ ಪಾಲಿನಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಕರಗಿತು.

ಹಾಗಿದ್ದರೆ ದೊಡ್ಡ ಇನ್ವರ್ಟರ್ ಕೊಳ್ಳುವುದೇ ಸರಿಯಲ್ಲವೇ? ಗ್ಯಾಸೂ ಇಲ್ಲದ, ಕರೆಂಟು ದಿನವೂ ಹೋಗುವ ಮನೆಗೆ ಅದು ಸರಿಯಾದ ದಾರಿ ಇರಬಹುದು, ಒಪ್ಪುತ್ತೇನೆ. ಆದರೆ ಪೆಟ್ಟಿಗೆಯನ್ನಷ್ಟೇ ದೊಡ್ಡದು ಮಾಡಿದರೆ ಸಾಲದು. 3 ಕಿಲೋವ್ಯಾಟ್ ಆಸುಪಾಸಿನ ಇನ್ವರ್ಟರಿಗೆ ಒಂದು ಬ್ಯಾಟರಿಯ ಬದಲು ಹಲವು ಬೇಕಾಗುತ್ತವೆ. ದೀಪ, ಫ್ಯಾನಿಗೆಂದು ಎಳೆದ ತೆಳು ವೈರು ಮತ್ತು 6 ಆಂಪಿಯರ್ ಸ್ವಿಚ್ಚುಗಳ ಮೇಲೆ 1,500 ವ್ಯಾಟಿನ ಒಲೆ ಆರೂವರೆ ಆಂಪಿಯರ್ ಎಳೆದರೆ ಗೋಡೆಯೊಳಗೆ ತಂತಿ ಬಿಸಿಯಾಗುತ್ತದೆ. ಆಗ ಸಣ್ಣ ಇನ್ವರ್ಟರಿನಂತೆ ಕೂಗಿ ತಡೆಯುವವರು ಯಾರೂ ಇರುವುದಿಲ್ಲ. ಲಿಥಿಯಂ ಬ್ಯಾಟರಿ ಹಾಕಿದರೆ ಹೆಚ್ಚು ಕರೆಂಟು ಸುಲಭವಾಗಿ ಸಿಗುತ್ತದೆ, ಸರಿ. ಇನ್ವರ್ಟರಿನ ವ್ಯಾಟ್ ಮಿತಿ ಮಾತ್ರ ಇದ್ದಲ್ಲೇ ಇರುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಚಾವಣಿ ಸೋಲಾರ್‌ಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಚಾವಣಿಯ ಸೋಲಾರ್ ಇದ್ದರೆ ಕರೆಂಟು ಹೋದಾಗಲೂ ಅಡುಗೆ ನಡೆಯುತ್ತದೆ ಎಂಬ ನಂಬಿಕೆಯೂ ಇದರೊಂದಿಗೆ ಹರಡಿದೆ. ಆದರೆ ಬ್ಯಾಟರಿಯಿಲ್ಲದ ಸಾಮಾನ್ಯ ಗ್ರಿಡ್ ಸೋಲಾರ್ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ತಂತಿ ಸರಿಪಡಿಸುವ ಲೈನ್‌ಮನ್ ಜೀವಕ್ಕೆ ಅಪಾಯವಾಗಬಾರದೆಂದೇ ಹಾಗೆ ರೂಪಿಸಿದ್ದಾರೆ. ಬ್ಯಾಟರಿಯೊಂದಿಗೆ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್ ಇದ್ದರೆ ಮಾತು ಬೇರೆ, ಅದರ ಖರ್ಚೂ ಬೇರೆ.

ಆದ್ದರಿಂದ ಮೊದಲ ಮದ್ದು ಅಡುಗೆಯ ಕ್ರಮವನ್ನು ಬದಲಿಸುವುದು. ಅನ್ನಕ್ಕಿಡುವಾಗ ಫ್ಯಾನ್ ನಿಲ್ಲಿಸಿ, ಅನ್ನವಾದ ಮೇಲೆ ಮಿಕ್ಸಿ ಹಾಕಿ. ಒಂದರ ಮೇಲೊಂದು ಬೇಡ, ಒಂದಾದ ಮೇಲೊಂದಿರಲಿ. ಅಕ್ಕಿ, ಬೇಳೆಯನ್ನು ನೆನೆಸಿಟ್ಟರೆ ಬೇಯುವ ಹೊತ್ತು ತಗ್ಗುತ್ತದೆ. ಹಳೆಯ ಫ್ಯಾನಿನ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಪ್ರತಿ ಫ್ಯಾನಿಗೆ 45 ವ್ಯಾಟ್ ಉಳಿಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮಿಕ್ಸಿ ಗುಂಯ್‌ಗುಟ್ಟಿ ಕಾದರೆ ಸೈನ್ ವೇವ್ ಇನ್ವರ್ಟರೇ ಬೇಕು. ಗ್ಯಾಸ್ ಒಲೆ ಇರುವ ಮನೆಯಲ್ಲಿ ಕರೆಂಟಿಲ್ಲದ ಹೊತ್ತಿನ ಅಡುಗೆ ಗ್ಯಾಸಿನ ಮೇಲೇ ಆಗಲಿ, ಬ್ಯಾಟರಿ ದೀಪಕ್ಕಿರಲಿ. ಯಾವ ಕಾರಣಕ್ಕೂ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಬೇಡಿ, ಎಂಸಿಬಿಯನ್ನು ತಪ್ಪಿಸಿ ಲೈನ್ ಎಳೆಸಬೇಡಿ. ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ, ಒಂದೇ ಹೊತ್ತಿಗೆ ನಡೆಯಲೇಬೇಕಾದ ಉಪಕರಣಗಳ ವ್ಯಾಟುಗಳನ್ನು ಕೂಡಿ ಬರೆದ ಚೀಟಿ ಹಿಡಿದು ಅಂಗಡಿಗೆ ಹೋಗಿ. ಆ ಚೀಟಿಯಿಲ್ಲದೆ ಕೊಂಡ ಎರಡನೆಯ ಇನ್ವರ್ಟರೂ ಮೊದಲಿನದರಂತೆಯೇ ಕೂಗುತ್ತದೆ.